ನಿಜ ಎಂದು ಸೇರಿಸಿ ದಾಟಿಸಿ

ಉತ್ತರೆ ಮಳೆ ಕೆರೆಯನ್ನು ಕೋಡಿಯವರೆಗೂ ತುಂಬಿಸಿ ಹೋಗಿ ಆರು ದಿನವಾಗಿತ್ತು. ಬುಧವಾರ ಬೆಳಿಗ್ಗೆ ನಾವು ಏಳು ಜನ ಹೆಂಗಸರು ಸಸಿಮಡಿಯಲ್ಲಿ ಬಗ್ಗಿ ಪೈರು ಕೀಳುತ್ತಿದ್ದೆವು. ಕಿತ್ತ ಪೈರಿನ ಬೇರನ್ನು ನೀರಿನಲ್ಲಿ ಅಲುಬಿ, ಮಣ್ಣು ಬಿಡಿಸಿ, ಒಂದು ಹಿಡಿಯಾದ ಕೂಡಲೇ ಕಟ್ಟಿ ಹಿಂದಕ್ಕೆ ಎಸೆಯಬೇಕು. ಬದುವಿನ ಮೇಲೆ ಕೂತಿದ್ದ ನಮ್ಮತ್ತೆ, ಕಟ್ಟು ಸಡಿಲವಾಗಿದ್ದರೆ ಅದನ್ನೇ ಎತ್ತಿ ನಮ್ಮ ಬೆನ್ನಿಗೆ ತಿರುಗಿ ಎಸೆಯುತ್ತಿದ್ದರು. ಅಷ್ಟರಲ್ಲಿ ಊಟದ ಬುಟ್ಟಿಯೊಳಗಿಟ್ಟಿದ್ದ ನಮ್ಮ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಪಕ್ಕದ ಗದ್ದೆಯಲ್ಲಿ ಕೆಸರು ಸಮಮಾಡಲು ಮರ ಹೊಡೆಯುತ್ತಿದ್ದವನ ಜೇಬಿನಲ್ಲೂ ಟಿಣ್. ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನ ಜೇಬಿನಲ್ಲೂ ಟಿಣ್.

“ಊರಗೋಡೆಗೆ ಏನೋ ಬಿತ್ತು ಕಣಕ್ಕ” ಎಂದಳು ಪಕ್ಕದ ಮನೆಯ ಲಕ್ಕಮ್ಮ, ಸೀರೆಗೆ ಕೈ ಒರೆಸುತ್ತ.

“ಬೀಳ್ಲಿ ಬುಡು. ಗೋಡೆ ಮ್ಯಾಲೆ ತಾನೆ, ನಿನ್ನ ತಲೆ ಮ್ಯಾಲಲ್ವಲ್ಲ. ಪೈರು ಕೀಳು” ಎಂದರು ಅತ್ತೆ. ಅವರ ಹತ್ತಿರ ಫೋನಿಲ್ಲ. ಬಾಯಲ್ಲೇ ಬೈದು ಬಾಯಲ್ಲೇ ಮುಗಿಸುವವರಿಗೆ ಫೋನು ಯಾಕೆ ಎನ್ನುತ್ತಾರೆ.

ಊರಗೋಡೆ ಎಂಬುದು ಫೋನಿನೊಳಗಿನ ನಮ್ಮ ಜಗಲಿ. ಎಮ್ಮೆ ಕಳೆದದ್ದು, ಎಮ್ಮೆ ಸಿಕ್ಕಿದ್ದು, ಯಾರ ಮಗಳಿಗೆ ಎಲ್ಲಿ ಮದುವೆ ಗೊತ್ತಾಯಿತು, ಯಾರ ತೆಂಗಿನಕಾಯಿ ಯಾರ ಹಿತ್ತಲಿಗೆ ಬಿತ್ತು, ಎಲ್ಲವೂ ಅಲ್ಲಿ ಬರುತ್ತದೆ. ಬೇರೆ ಊರುಗಳಲ್ಲೂ ಇಂಥವು ಇವೆಯಂತೆ. ಆದರೆ ನಮ್ಮೂರಿನಲ್ಲಿ, ಭಾನುವಾರದಿಂದ ಬರೆದದ್ದನ್ನೆಲ್ಲ ಶನಿವಾರ ಹೊತ್ತು ಮುಳುಗುವುದರೊಳಗೆ ಓದುಕಟ್ಟೆಯ ಮೇಲೆ ನಿಂತು, ಯಾರ ಬಗ್ಗೆ ಬರೆದಿದೆಯೋ ಅವರ ಮುಂದೆ, ಬಾಯಿಬಿಟ್ಟು ಓದಬೇಕು. ಓದದೆ ಉಳಿಸಿಕೊಂಡದ್ದಕ್ಕೆ ಬಾಕಿ ಎನ್ನುತ್ತೇವೆ. ಬಾಕಿ ಇರುವವರ ಗಂಟಲು ಶನಿವಾರ ಸಂಜೆ ಕಟ್ಟುತ್ತದೆ. ಮತ್ತೆ ಓದಿ ತೀರಿಸುವವರೆಗೂ ಬಾಕಿಯ ಮಾತು ಬಿಟ್ಟು ಬೇರೆ ಒಂದು ಅಕ್ಷರ ಹೊರಡುವುದಿಲ್ಲ. ಓದಿಸಿಕೊಂಡವರಿಗೆ ಒಂದು ಪ್ರಶ್ನೆ ಕೇಳುವ ಹಕ್ಕಿದೆ. ಅದಕ್ಕೆ ನೇರವಾಗಿ ಉತ್ತರ ಕೊಟ್ಟರೆ ಮಾತ್ರ ಬಾಕಿ ತೀರಿದಂತೆ. ಸುತ್ತುಬಳಸಿದರೆ, ಸುಳ್ಳಾಡಿದರೆ ಗಂಟಲು ನಿಂತಲ್ಲೇ ಕಟ್ಟುತ್ತದೆ.

ಇದರೊಡನೆ ನಾವು ಹೊಂದಿಕೊಂಡಿದ್ದೇವೆ. ಅಂಗಡಿ ಗಂಗಾಧರಪ್ಪ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಶುಭೋದಯ ಎಂದು ಬರೆಯುತ್ತಾನೆ. ಶನಿವಾರ ಬಂದು ಏಳು ಸಲ ಶುಭೋದಯ ಎಂದು ಓದಿ ಹೋಗುತ್ತಾನೆ. ತಮ್ಮನನ್ನು ಕಳ್ಳ ಎಂದು ಬರೆದು, ಅವನ ಮುಂದೆ ಓದಲು ಒಲ್ಲದೆ, ಆರು ವರ್ಷದಿಂದ ಮೂಕನಾಗಿಯೇ ಬದುಕುತ್ತಿರುವವನೊಬ್ಬ ಇದ್ದಾನೆ. ಅವನ ಹೆಂಡತಿ ನೆಮ್ಮದಿಯಿಂದ ದಪ್ಪಗಾಗಿದ್ದಾಳೆ. ಇನ್ನು ನಾನು. ವಾರಕ್ಕೊಮ್ಮೆ, ಶುಕ್ರವಾರ, ಊರಗೋಡೆಯಲ್ಲಿ ಊರಿನ ವಿಷಯ ಒಂದಿಷ್ಟು ಬರೆಯುತ್ತೇನೆ. ಹದಿನೈದು ವರ್ಷವಾಯಿತು. ಜನ ನನ್ನನ್ನು ವಾರದಕ್ಕ ಎಂದೇ ಕರೆಯುತ್ತಾರೆ.

ಒಂದಕ್ಕೆ ಮಾತ್ರ ಬಾಕಿ ಇಲ್ಲ. ಹೊರಗಿನಿಂದ ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸುವುದು. ಅದಕ್ಕೆ ನಾವು ದಾಟಿಸುವುದು ಎನ್ನುತ್ತೇವೆ. ಕಾಲುವೆಯ ನೀರನ್ನು ಮೇಲಿನ ಗದ್ದೆಯವನು ಕೆಳಗಿನ ಗದ್ದೆಗೆ ದಾಟಿಸಿದಂತೆ, ನೀರು ಅವನದಲ್ಲವಲ್ಲ. ಹಾಗಾಗಿ ನಮ್ಮೂರಿನ ಜನ ಬರೆಯುವುದರಲ್ಲಿ ಬಲು ಜಿಪುಣರು, ದಾಟಿಸುವುದರಲ್ಲಿ ಬಲು ಧಾರಾಳಿಗಳು.

ಆ ಬುಧವಾರ ಬಂದದ್ದೂ ದಾಟಿ ಬಂದದ್ದೇ. ಒಂದು ಫೋಟೋ, ಯಾವುದೋ ಕಾರ್ಖಾನೆಯ ಹಿಂದಿನ ಮೋರಿಯಂತೆ ಕಾಣುವ ಕಪ್ಪು ನೀರು. ಅದರ ಕೆಳಗೆ ಹೀಗಿತ್ತು: “ಹಡಗಿನವರ ಕೈ ತಾಗಿದ ತೂಬಿನ ನೀರು ಇದು. ಅವರ ಬಣ್ಣ ನೀರಿಗೆ ಇಳಿಯುತ್ತದೆ, ನೀರಿನಿಂದ ಪೈರಿಗೆ, ಪೈರಿನಿಂದ ನಿಮ್ಮ ಮಕ್ಕಳಿಗೆ. ಕೆರೆ ನಮ್ಮದು, ಕೀಲಿಯೂ ನಮ್ಮದಾಗಲಿ. ಒಪ್ಪುವುದಾದರೆ ನಿಜ ಎಂದು ಸೇರಿಸಿ ಹತ್ತು ಜನಕ್ಕೆ ದಾಟಿಸಿ.”

ಸಮುದ್ರವನ್ನೇ ಕಾಣದ ನಮ್ಮೂರಿಗೆ ಹಡಗಿನವರು ಯಾವ ಕಾಲದಲ್ಲೋ ಬಂದವರು. ಯಾವ ಹಡಗು, ಯಾವ ದಡದಲ್ಲಿ ಇಳಿಸಿತು, ಎಷ್ಟು ದಿನ ನಡೆದರು, ಅವರಿಗೂ ನೆನಪಿಲ್ಲ. ಗುಂಗುರು ಕೂದಲು, ನಮಗಿಂತ ಕಪ್ಪು ಮೈ. ನಾವೇನು ಹಾಲಿನ ಬಣ್ಣದವರಲ್ಲ, ಕೆಸರಿನಲ್ಲಿ ಬೆನ್ನು ಬಗ್ಗಿಸುವವರ ಬಣ್ಣ ಹೇಗಿರುತ್ತದೋ ಹಾಗೇ. ಆದರೂ ನಮ್ಮ ಕಪ್ಪು ಬಿಸಿಲಿನದು, ಅವರ ಕಪ್ಪು ಹುಟ್ಟಿನದು ಎಂದು ನಮಗೆ ನಾವೇ ಒಂದು ಲೆಕ್ಕ ಮಾಡಿಕೊಂಡಿದ್ದೆವು. ಅವರಿಗೆ ನಮ್ಮಂತೆಯೇ ಹೆಸರುಗಳಿದ್ದರೂ ಊರು ಅವರನ್ನು ಕರೆಯುತ್ತಿದ್ದುದು ಹಡಗು ಎಂದು. “ಏ ಹಡಗು, ಬಾ ಇಲ್ಲಿ.” ಯಾರು ಕರೆದರೂ, ಯಾರನ್ನು ಕರೆದರೂ ಅಷ್ಟೇ.

ಮೆಸೇಜು ಬಂದದ್ದಕ್ಕೆ ಕಾರಣವಿತ್ತು. ಕೆರೆಯ ತೂಬು ತೆಗೆದು ಗದ್ದೆ ಗದ್ದೆಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಬೋರಯ್ಯ ಶ್ರಾವಣದಲ್ಲಿ ತೀರಿಕೊಂಡಿದ್ದ. ಹನ್ನೆರಡು ವರ್ಷದಿಂದ ಅವನ ಕಾಲು ಬಿದ್ದುಹೋಗಿ ಹಾಸಿಗೆಯಲ್ಲಿದ್ದ. ಅಷ್ಟೂ ವರ್ಷ ಅವನ ಬದಲಿಗೆ ತೂಬು ತೆಗೆದವಳು, ಕಾಲುವೆಯ ಹೂಳು ಎತ್ತಿಸಿದವಳು, ಬೆಳಗಿನ ಜಾವ ಬದುವಿನ ಮೇಲೆ ಓಡಾಡಿ ಸರದಿ ನೋಡಿದವಳು ದ್ಯಾವೀರಮ್ಮ. ಹಡಗಿನವಳು. ಲೆಕ್ಕದಲ್ಲಿ ಮಾತ್ರ ನೀರುಗಂಟಿ ಬೋರಯ್ಯನೇ. ಈಗ ಹೊಸ ನೀರುಗಂಟಿಯನ್ನು ಊರು ಆರಿಸಬೇಕಿತ್ತು. ದ್ಯಾವೀರಮ್ಮ ಹೆಸರು ಕೊಟ್ಟಳು. ಎದುರಿಗೆ ಹೊಂಬಾಳಯ್ಯ ಹೆಸರು ಕೊಟ್ಟ. ಕಾಲುವೆಯ ತಲೆಗೇ ಎಂಟು ಎಕರೆ ಕಬ್ಬು ಹಾಕಿಕೊಂಡಿರುವ ಮನುಷ್ಯ. ತೂಬಿನ ಕೀಲಿ ಅವನ ಕೈಗೆ ಹೋದರೆ ಕಬ್ಬು ಕುಡಿದು ಉಳಿದದ್ದು ಮಾತ್ರ ಕೆಳಕ್ಕೆ ಇಳಿಯುತ್ತದೆ, ಕೊನೆಗದ್ದೆಗಳ ನಾಟಿ ಒಣಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೊನೆಗದ್ದೆಗಳು ಹಡಗಿನವರವು.

ಚುನಾವಣೆ ಭಾನುವಾರ. ನೀರುಗಂಟಿಯ ಚುನಾವಣೆಗೆ ಚೀಟಿ ಇಲ್ಲ. ಗುಮಾಸ್ತರ ಮುಂದೆ ನಿಂತು ಬಾಯಿಬಿಟ್ಟು ಹೆಸರು ಹೇಳಬೇಕು. ಇಬ್ಬರ ಹೆಸರನ್ನೂ ಬರೆದ ಕಾಗದವನ್ನು ನಾಲ್ಕು ಗೋಡೆಗಳಿಗೆ ಅಂಟಿಸಿದ್ದರು. ಅದೇ ಬುಧವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಡೆಯೂ ದ್ಯಾವೀರಮ್ಮನ ಹೆಸರಿದ್ದ ಅರ್ಧವನ್ನು ಯಾರೋ ಹರಿದುಹಾಕಿದ್ದರು.

ಬದುವಿನ ಮೇಲೆ ಕೂತು ಲಕ್ಕಮ್ಮ ಮೆಸೇಜು ಓದಿದಳು, ಹೆಬ್ಬೆರಳಿನಿಂದ ಏನೋ ಒತ್ತಿದಳು, ಫೋನನ್ನು ಮತ್ತೆ ಬುಟ್ಟಿಗೆ ಹಾಕಿದಳು.

“ಏನೇ ಮಾಡ್ದೆ?” ಎಂದೆ.

“ದಾಟಿಸ್ದೆ ಕಣಕ್ಕ.”

“ಏನಾದ್ರೂ ಬರದ್ಯಾ?”

“ಬರೆಯೋದೇನು? ನಿಜ ಅಂತ ಸೇರ್ಸಿ ಅಂದಿದ್ರು, ಸೇರ್ಸ್ದೆ.” ಅಷ್ಟು ಹೇಳಿ ಅವಳ ಕೈ ಗಂಟಲಿಗೆ ಹೋಯಿತು. “ಅಯ್ಯೋ. ಅದೂ ಬರೆದಂಗೇನಾ?”

ನನಗೆ ನಗು ಬಂತು, ಆಮೇಲೆ ನಿಂತಿತು. ಹೊರಗಿನವರು ಯಾರೋ ಎಲ್ಲ ಊರುಗಳಿಗೂ ಕಳಿಸುವಂತೆ ನಮ್ಮೂರಿಗೂ ಕಳಿಸಿದ್ದರು. ಎಲ್ಲ ಊರುಗಳಲ್ಲೂ ಮಾಡುವಂತೆ ನಮ್ಮವರೂ ಮಾಡಿದ್ದರು. ಸಂಜೆಯ ಹೊತ್ತಿಗೆ ನಾನು ಊರಗೋಡೆಯನ್ನು ತಡವಿ ಎಣಿಸಿದೆ. ನಿಜ ಎಂದು ಸೇರಿಸಿ ದಾಟಿಸಿದವರು ನೂರ ನಲವತ್ತಮೂರು ಜನ. ಹೊಂಬಾಳಯ್ಯನ ಹೆಸರು ಮಾತ್ರ ಅದರಲ್ಲಿರಲಿಲ್ಲ. ಅವನು ಸುಮ್ಮನೆ ದಾಟಿಸಿದ್ದ.

ಶುಕ್ರವಾರ ಮಧ್ಯಾಹ್ನ ಊಟ ಮಾಡಿ ವಾರದ ಬರಹಕ್ಕೆ ಕೂತೆ. ಬರೆಯಬೇಕೆಂದಿದ್ದದ್ದು ತಲೆಯಲ್ಲಿ ಸ್ಪಷ್ಟವಾಗಿತ್ತು. ಜಗಲಿಯ ಮೇಲೆ ಕೂತು ಆಡುವ ಮಾತಿಗೆ ಎದುರು ಒಂದು ಮುಖ ಇರುತ್ತದೆ, ಆ ಮುಖ ಬಾಡಿದರೆ ಆಡಿದವನ ಮಾತೂ ಅರ್ಧಕ್ಕೇ ನಿಲ್ಲುತ್ತದೆ. ಫೋನಿನಲ್ಲಿ ಮುಖವಿಲ್ಲ. ಅದಕ್ಕೇ ಅಲ್ಲಿ ಒಬ್ಬೊಬ್ಬರೇ ಹೇಳಲಾರದ ಮಾತನ್ನು ನೂರು ಜನ ಕೂಡಿ ಹೇಳುತ್ತಾರೆ. ಚುನಾವಣೆ ಬಂದಾಗ ಆ ನೂರು ಜನರನ್ನು ಕೂಡಿಸುವುದೇ ಒಂದು ಕಸುಬಾಗಿದೆ. ಇಷ್ಟನ್ನು ಬರೆದೆ. ಆಮೇಲೆ, ನೀರು ಕಪ್ಪಾಗಿದೆ ಎನ್ನುವುದು ಹಸಿ ಸುಳ್ಳು ಎಂದು ಒಂದು ಸಾಲು ಬರೆದೆ. ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತೆ. ನಮ್ಮ ಗದ್ದೆ ಇರುವುದು ಹೊಂಬಾಳಯ್ಯನ ಕಬ್ಬಿನ ಕೆಳಗೇ. ಅವನು ಗೆದ್ದರೆ? ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ, “ಈ ವಿಷಯದಲ್ಲಿ ಎರಡೂ ಕಡೆಯವರು ಕೂತು ಮಾತಾಡಿಕೊಳ್ಳುವುದು ಒಳ್ಳೆಯದು” ಎಂದು ಬರೆದೆ. ಓದಿ ನೋಡಿದೆ. ಚೆನ್ನಾಗಿಯೇ ಇತ್ತು. ಹಾಕಿದೆ.

ಶನಿವಾರ ಮೂರು ಗಂಟೆಗೇ ಓದುಕಟ್ಟೆಯ ಸುತ್ತ ಜನ ತುಂಬಿದ್ದರು. ಬಾಕಿ ಇಟ್ಟುಕೊಂಡರೆ ಮಾರನೆಯ ದಿನ ಓಟು ಹೇಳಲು ಬಾಯಿ ಇರುವುದಿಲ್ಲ, ಅದಕ್ಕೇ ಹೊಂಬಾಳಯ್ಯ ತನ್ನ ಕಡೆಯವರನ್ನೆಲ್ಲ ಎಳೆದು ತಂದಿದ್ದ. ಹಡಗಿನವರು ಅರಳಿಮರದ ಕೆಳಗೆ ಒಂದು ಕಡೆ ಕೂತಿದ್ದರು. ಅವರಲ್ಲಿ ಹಿರಿಯ, ಪಡುವಜ್ಜ, ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ. ದ್ಯಾವೀರಮ್ಮ ಕಟ್ಟೆಯ ಮೇಲೆ ಒಬ್ಬಳೇ ನಿಂತಿದ್ದಳು. ಗದ್ದೆಯಿಂದ ನೇರವಾಗಿ ಬಂದಿದ್ದಳು, ಮೊಳಕಾಲವರೆಗೆ ಕೆಸರು ಒಣಗಿತ್ತು.

ವಾರದ ಬರಹ ಮೊದಲು ಓದುವುದು ರೂಢಿ. ಕಾಗದಕ್ಕೆ ಇಳಿಸಿಕೊಂಡು ಬಂದದ್ದನ್ನು ನಾನು ಹತ್ತಿ ಓದಿದೆ. ಜಗಲಿ, ಮುಖ, ಕಸುಬು ಎಲ್ಲಕ್ಕೂ ಜನ ತಲೆದೂಗಿದರು. ಕೊನೆಯ ಸಾಲಿಗೆ ಹೊಂಬಾಳಯ್ಯನೂ ತಲೆದೂಗಿದ. ದ್ಯಾವೀರಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ಅಕ್ಕ, ಒಂದು ಪ್ರಶ್ನೆ” ಎಂದಳು. “ಒಂದು ಕಡೆ ನನ್ನ ಮೈಬಣ್ಣ ಆಯ್ತು. ಅದಕ್ಕೆ ಇನ್ನೊಂದು ಕಡೆ ಅಂದ್ರೆ ಯಾವ್ದು?”

“ನಾನು ಹೇಳಿದ್ದು ಏನಂದ್ರೆ, ಸಮಾಜ ಅಂದ ಮೇಲೆ ನಾನಾ ಅಭಿಪ್ರಾಯ...” ಎಂದು ಶುರುಮಾಡಿದೆ. ಗಂಟಲಿಗೆ ಭತ್ತದ ಮುಳ್ಳು ಸಿಕ್ಕಿದಂತಾಯಿತು. ಕೆಮ್ಮಿದೆ. ಮತ್ತೆ, “ಎಲ್ಲರನ್ನೂ ಒಟ್ಟಿಗೆ ಕರ್ಕೊಂಡು...” ಎಂದೆ. ಇನ್ನೂ ಬಿಗಿಯಿತು. ಜನ ನಗತೊಡಗಿದರು. ಹದಿನೈದು ವರ್ಷದಲ್ಲಿ ವಾರದಕ್ಕನ ಗಂಟಲು ಕಟ್ಟಿದ್ದನ್ನು ಅವರು ನೋಡಿರಲಿಲ್ಲ.

“ಏ, ನೆಟ್ಟಗೆ ಹೇಳೇ!” ಎಂದು ಗುಂಪಿನೊಳಗಿಂದ ಅತ್ತೆ ಕೂಗಿದರು. “ನನ್ನ ಹತ್ರ ಆದ್ರೆ ಎಷ್ಟು ನೆಟ್ಟಗೆ ಹೇಳ್ತೀಯ!”

“ಇನ್ನೊಂದು ಕಡೆ ಇಲ್ಲ” ಎಂದೆ. ಮುಳ್ಳು ಇಳಿಯಿತು. ಇಳಿದದ್ದೇ ತಡ, ಅವಳು ಕೇಳದಿದ್ದದ್ದೂ ಬಾಯಿಗೆ ಬಂತು. “ನೀರು ಕಪ್ಪಾಗಿದೆ ಅನ್ನೋದು ಸುಳ್ಳು. ಅದನ್ನ ಬರೆದಿದ್ದೆ. ಹೆದರಿ ಅಳಿಸ್ದೆ.”

“ಸರಿ ಹೋಗಕ್ಕ” ಎಂದಳು ದ್ಯಾವೀರಮ್ಮ. ನಾನು ಇಳಿದು ಗುಂಪಿಗೆ ಹೋಗದೆ ಕಟ್ಟೆಯ ಮೆಟ್ಟಿಲ ಮೇಲೆ, ಅವಳ ಪಕ್ಕಕ್ಕೆ ಕೂತೆ. ಹೊಂಬಾಳಯ್ಯ ನನ್ನನ್ನು ನೋಡಿದ. ನಾನೂ ನೋಡಿದೆ. ಅಷ್ಟು ಜನರ ಮುಂದೆ ಹೆದರಿದೆ ಎಂದು ಒಪ್ಪಿಕೊಂಡ ಮೇಲೆ ಹೆದರಲು ಇನ್ನೇನು ಉಳಿದಿರುತ್ತದೆ.

ಆಮೇಲೆ ಅವನು ಕೈ ಎತ್ತಿದ. “ನೋಡ್ರಪ್ಪ, ನೂರ ನಲವತ್ತಮೂರು ಜನ ಒಬ್ಬೊಬ್ರೇ ಓದ್ತಾ ಕೂತ್ರೆ ಹೊತ್ತು ಮುಳುಗೋಯ್ತದೆ. ಒಟ್ಟಿಗೆ ಓದ್ಬುಡಣ. ಒಂದು, ಎರಡು...”

ಅವರು ಓದಿದರು. ನಾನು ಆ ಕಟ್ಟೆಯ ಮೇಲೆ ಬೈಗುಳ ಕೇಳಿದ್ದೇನೆ, ಪ್ರೇಮಪತ್ರ ಕೇಳಿದ್ದೇನೆ. ಅಷ್ಟು ಬಾಯಿ ಒಂದೇ ಸಲ ತೆರೆದು, ಅವರ ಬಣ್ಣ ನೀರಿಗೆ ಇಳಿಯುತ್ತದೆ ಎಂದು ಒಬ್ಬ ಹೆಂಗಸಿನ ಮುಖಕ್ಕೆ ಕೂಗಿದ್ದನ್ನು ಕೇಳಿರಲಿಲ್ಲ. ಒಬ್ಬನೇ ಆಗಿದ್ದರೆ ತೊದಲುತ್ತಿದ್ದವನು ಗುಂಪಿನಲ್ಲಿ ಗಟ್ಟಿಯಾಗಿ ಹೇಳಿದ. ನಮ್ಮ ಕಟ್ಟೆಯೇ ಒಂದು ಫೋನಿನಂತೆ ಆಯಿತು. ಕೊನೆಯ “ನಿಜ” ಎಂಬುದನ್ನು ಕೆಲವರು ಚಪ್ಪಾಳೆ ತಟ್ಟಿ ಹೇಳಿದರು. ಅರಳಿಮರದ ಕೆಳಗೆ ಹಡಗಿನ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ದ್ಯಾವೀರಮ್ಮನ ಕಾಲ ಬೆರಳುಗಳು ಕಲ್ಲನ್ನು ಒತ್ತಿ ಹಿಡಿದದ್ದು ಕೆಳಗೆ ಕೂತಿದ್ದ ನನಗೆ ಕಾಣಿಸಿತು.

ಗದ್ದಲ ನಿಲ್ಲುವವರೆಗೆ ಅವಳು ಕಾದಳು.

“ಓದೋದು ಒಟ್ಟಿಗೆ ಓದಿದ್ರಿ” ಎಂದಳು. “ಪ್ರಶ್ನೆ ನಾನು ಒಬ್ಬೊಬ್ಬರಿಗೇ ಕೇಳ್ತೀನಿ. ಅದು ನನ್ನ ಹಕ್ಕು.”

ಇದನ್ನು ಯಾರೂ ಯೋಚಿಸಿರಲಿಲ್ಲ.

“ಎಲ್ರಿಗೂ ಒಂದೇ ಪ್ರಶ್ನೆ. ಸುಲಭದ್ದೇ. ಹೋದ ಬೆಳೇಲಿ ನಿಮ್ಮ ಗದ್ದೆಗೆ ನೀರು ಬಿಟ್ಟೋರು ಯಾರು? ಹೆಸರು ಹೇಳ್ಬುಟ್ಟು ಹೋಗಿ.”

ಮುಂದೆ ನಿಂತಿದ್ದವನು ಚೌಡಪ್ಪ, ಊರಿನಲ್ಲೇ ದೊಡ್ಡ ಗಂಟಲಿನವನು. “ಇದೇನ್ ಮಹಾ? ಬೋರಯ್ಯ” ಎಂದ. ಎಂದವನೇ ಗಂಟಲು ಹಿಡಿದುಕೊಂಡ. “ಹಡಗು” ಎಂದ, ಧ್ವನಿ ಕೀರಲಾಯಿತು. “ನೀನೇ ಕಣಮ್ಮಿ!” ಎಂದು ಕೈಮಾಡಿ ತೋರಿಸಿದ. ಗಾಳಿ ಮಾತ್ರ ಹೊರಬಂತು.

“ಹೆಸರು ಕೇಳ್ದೆ ಚೌಡಪ್ಪನೋರೆ” ಎಂದಳು ದ್ಯಾವೀರಮ್ಮ. “ಹನ್ನೆರಡು ವರ್ಷ ನಿಮ್ಮ ಬದುವಿನ ಮೇಲೆ ತಿರುಗಿದೀನಿ. ನಿಮ್ಮ ಹೆಸರು ನಂಗೊತ್ತು, ನಿಮ್ಮಪ್ಪನ ಹೆಸರು ಗೊತ್ತು, ನಿಮ್ಮ ಎತ್ತಿನ ಹೆಸರೂ ಗೊತ್ತು.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಅವಳ ಹೆಸರೇನ್ಲಾ? ಕರಿಯಮ್ಮ ಅಲ್ವ? ಥೂ, ಕರಿಯಮ್ಮ ಅವಳ ಅತ್ತೆ. ಮಾರಿ ಇರ್ಬೇಕು. ಮುನಿ ಅಂತೇನೋ ಕೇಳ್ದಂಗಿದೆ. ಇಬ್ಬರು ಗೋಡೆಯ ಮೇಲಿನ ಕಾಗದ ನೋಡಲು ಓಡಿದರು. ಕೈ ಬೀಸಿಕೊಂಡು ವಾಪಸು ಬಂದು, “ಹರಿದಾಕವ್ರೆ ಕಣ್ರೋ! ಯಾವ್ ಮುಂಡೇಮಕ್ಳು ಹರಿದ್ರೋ!” ಎಂದು ಕೂಗಿದರು. ಹರಿದ ಮುಂಡೇಮಕ್ಕಳು ಗುಂಪಿನಲ್ಲೇ ನಿಂತಿದ್ದರು, ನೆಲ ನೋಡುತ್ತ. ಹೆಸರು ಬಲ್ಲವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು, ನಾನೂ ಒಬ್ಬಳು. ಹಲವರು ನನ್ನ ಬಾಯನ್ನೇ ನೋಡಿದರು. ನಾನು ವಾರದ ಬರಹದ ಕಾಗದವನ್ನು ನಾಲ್ಕಾಗಿ, ಎಂಟಾಗಿ ಮಡಿಸುತ್ತ ಕೂತೆ. ಹೆಸರು ಬಲ್ಲ ಮಿಕ್ಕವರೂ ಆ ಹೊತ್ತಿನಲ್ಲಿ ಅಡಿಕೆ ಹುಡುಕುವುದರಲ್ಲೋ ಸೆರಗು ಸರಿಮಾಡಿಕೊಳ್ಳುವುದರಲ್ಲೋ ತೊಡಗಿದ್ದರು.

“ಇದು ಪ್ರಶ್ನೆ ಅಲ್ಲ, ಓಟು ಕೇಳೋ ಉಪಾಯ!” ಎಂದ ಹೊಂಬಾಳಯ್ಯ.

“ಓಟು ನಾಳೆ. ಇವತ್ತು ನೀರಿನ ವಿಷಯ” ಎಂದಳು. “ನಿಮ್ಮ ಮೆಸೇಜಲ್ಲೂ ಇರೋದು ನೀರೇ ಅಲ್ವ?”

ಹೊತ್ತು ಇಳಿಯುತ್ತಿತ್ತು. ಆಗ ಲಕ್ಕಮ್ಮ ಗುಂಪಿನಿಂದ ಹೊರಬಂದಳು. ನೆರೆಮನೆಯವಳಾದರೂ ನನ್ನ ಹತ್ತಿರ ಬರಲಿಲ್ಲ. ಅರಳಿಮರದ ಕೆಳಗೆ ಹೋಗಿ ಪಡುವಜ್ಜನ ಮುಂದೆ ನಿಂತಳು.

“ಏನಜ್ಜ, ಅವಳ ಹೆಸರೇನು?”

ಪಡುವಜ್ಜ ಎಲೆ ಅಡಿಕೆ ಬಾಯಿಗಿಟ್ಟುಕೊಂಡ. “ಅವಳು ಅಂದ್ರೆ ಯಾರವ್ವ? ನಮ್ಮಲ್ಲಿ ಬೇಕಾದಷ್ಟು ಅವಳುಗಳವರೆ.”

ಲಕ್ಕಮ್ಮ ಸುತ್ತ ನೋಡಿದಳು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. “ನಮಗೆ ನೀರು ಬಿಡ್ತಾರಲ್ಲಜ್ಜ, ಅವರ ಹೆಸರೇನು? ಹೇಳಿ. ಇಷ್ಟು ವರ್ಷ ಕೇಳ್ಳಿಲ್ಲ, ತಪ್ಪಾಯ್ತು.”

“ಹಂಗೆ ಕೇಳು ಮತ್ತೆ. ದ್ಯಾವೀರಮ್ಮ. ಮುನಿಯಮ್ಮನ ಮಗಳು, ಹಾಲಯ್ಯನ ಮೊಮ್ಮಗಳು.”

ಲಕ್ಕಮ್ಮ ಕಟ್ಟೆಗೆ ಬಂದು ಮುಖ ಎತ್ತಿ ಹೇಳಿದಳು. “ದ್ಯಾವೀರಮ್ಮ. ಹೋದ ಬೆಳೇಲಿ ನಮ್ಮ ಗದ್ದೆಗೆ ನೀರು ಬಿಟ್ಟೋರು ದ್ಯಾವೀರಮ್ಮ. ನೀರು ತಿಳಿಯಾಗೇ ಇತ್ತು.” ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅವಳಾಗಿ ಸೇರಿಸಿದ್ದು.

ಅಲ್ಲಿಂದ ಶುರುವಾದ ಸಾಲು ಹೊತ್ತು ಮುಳುಗುವವರೆಗೆ ಮುಗಿಯಲಿಲ್ಲ. ಮೊದಲು ಅರಳಿಮರದ ಕೆಳಗೆ, ಆಮೇಲೆ ಕಟ್ಟೆಗೆ. ಲಕ್ಕಮ್ಮ ಹೇಳಿದ ಮೇಲೆ ಹೆಸರು ಎಲ್ಲರ ಕಿವಿಗೂ ಬಿದ್ದಿತ್ತು. ಆದರೂ ಪಡುವಜ್ಜನನ್ನು ಕೇಳದೆ ಕಟ್ಟೆ ಹತ್ತಲು ಯಾಕೋ ಯಾರಿಗೂ ಧೈರ್ಯ ಬರಲಿಲ್ಲ. ಅಜ್ಜ ಒಬ್ಬೊಬ್ಬರಿಗೂ ಮೊದಲಿನಿಂದಲೇ ಹೇಳುತ್ತಿದ್ದ, ಮುನಿಯಮ್ಮನ ಮಗಳು, ಹಾಲಯ್ಯನ ಮೊಮ್ಮಗಳು. ಮಾತು ಬಾರದವರು ಸನ್ನೆ ಮಾಡಿದರೆ, “ಕೈ ಮುಗಿದ್ರೆ ಅರ್ಥಾಯ್ತದೆ ಸ್ವಾಮಿ” ಎನ್ನುತ್ತಿದ್ದ. ಚೌಡಪ್ಪ ಕೈ ಮುಗಿದ. ಕಟ್ಟೆಗೆ ಬಂದು, “ದ್ಯಾವೀರಮ್ಮ” ಎಂದು ತನ್ನ ದೊಡ್ಡ ಗಂಟಲನ್ನು ವಾಪಸು ಪಡೆದ. ಪಡೆದವನೇ, “ಆದ್ರೂ ನಿಂಗೆ ಓಟು ಹಾಕಲ್ಲ” ಎಂದ.

“ಓಟು ಕೇಳ್ಳಿಲ್ಲ ಚೌಡಪ್ಪನೋರೆ. ಸೋಮವಾರ ನಿಮ್ಮ ಸರದಿ. ಮೂಡಲ ಮೂಲೇಲಿ ಬದು ಒಡೆದದೆ, ನಾಳೆನೇ ಕಟ್ಟಿಸ್ಕಳಿ, ನೀರು ವ್ಯರ್ಥ ಆಯ್ತದೆ.”

ಜನ ನಕ್ಕರು. ಆ ನಗು ಎಲ್ಲಿಂದ ಎಲ್ಲಿಗೆ ತಿರುಗಿತು ಎಂದು ನನಗೆ ಗೊತ್ತಾಗಲಿಲ್ಲ. ಆದರೆ ಅದು ಈಗ ಅವಳ ಮೇಲಿನದಾಗಿರಲಿಲ್ಲ. ಒಂಬತ್ತು ಜನ ಮಾತ್ರ ಹೆಸರು ಕೇಳಲು ಒಲ್ಲದೆ ಮೂಕರಾಗಿ ಮನೆಗೆ ಹೋದರು. ಉಳಿದ ನೂರ ಮೂವತ್ತನಾಲ್ಕು ಬಾಯಿ ಅವಳ ಹೆಸರನ್ನು ಹೇಳಿತು. ಪ್ರತಿ ಸಲವೂ ಅವಳು ತಲೆ ಅಲ್ಲಾಡಿಸುತ್ತಿದ್ದಳು, ತೂಬಿನಿಂದ ಎಷ್ಟು ನೀರು ಹೋಯಿತು ಎಂದು ಲೆಕ್ಕ ನೋಡುವವಳಂತೆ. ಕೊನೆಯವನು ಇಳಿದಾಗ ಕಟ್ಟೆಯ ಮೇಲೆಯೇ ಕುಸಿದು ಕೂತಳು. ನಮ್ಮತ್ತೆ ಚೊಂಬಿನಲ್ಲಿ ನೀರು ಕೊಟ್ಟರು. ಕುಡಿಯುತ್ತ ಕುಡಿಯುತ್ತ ಒಂದೇ ಸಲ ಅತ್ತುಬಿಟ್ಟಳು.

“ಅಳು ಮಗಳೆ, ಅಳು. ನಾಳೆಗೆ ಉಳಿಸ್ಕೋಬೇಡ, ನಾಳೆ ಬೇರೆ ಕೆಲಸ ಅದೆ” ಎಂದರು ಅತ್ತೆ.

ಭಾನುವಾರ ಚಾವಡಿಯ ಮುಂದೆ ಗುಮಾಸ್ತರು ಮೇಜು ಹಾಕಿ ಕೂತರು. ಹೇಳಿದ ಹೆಸರುಗಳನ್ನು ಬರೆದಿಡಲೆಂದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರು. ಬೆಳಿಗ್ಗೆ ಹತ್ತರವರೆಗೆ ಇಬ್ಬರೂ ಸಮ ಸಮ ಹೋದರು. ಹಿಂದಿನ ದಿನ ಹೆಸರು ಹೇಳಿದವರೆಲ್ಲ ಅವಳಿಗೇ ಓಟು ಹಾಕಿದರು ಎಂದು ಬರೆದರೆ ಅದು ನನ್ನ ಬಾಕಿಯಾಗುತ್ತದೆ. ಅರ್ಧ ಜನ ಹೊಂಬಾಳಯ್ಯ ಎಂದೇ ಹೇಳಿದರು, ಚೌಡಪ್ಪನಂತೂ ಕೆರೆಗೆ ಕೇಳುವಂತೆ ಹೇಳಿದ. ಆದರೆ ಇನ್ನರ್ಧ ಜನ ಇದ್ದರು. ಮೇಜಿನ ಮುಂದೆ ನಿಂತು, ದ್ಯಾವೀರಮ್ಮ ಎಂದು ಹೇಳಿ, ಏನೋ ಹೊರೆ ಇಳಿಸಿದವರಂತೆ ಹೋದರು. ಲಕ್ಕಮ್ಮ ತನ್ನ ಗಂಡನನ್ನೂ ಮೂವರು ನಾದಿನಿಯರನ್ನೂ ಕರೆತಂದಳು.

ಹನ್ನೊಂದು ಗಂಟೆಗೆ ಹೊಂಬಾಳಯ್ಯನ ಬಾಮೈದ ಕೆಂಚಪ್ಪ ಬಂದ. ಶನಿವಾರವೆಲ್ಲ ಸಾಲಿನಲ್ಲಿ ನಿಂತು ಆ ಹೆಸರನ್ನೇ ಗೊಣಗಿಕೊಂಡು ಬಾಯಿಪಾಠ ಮಾಡಿದ್ದವನು. “ದ್ಯಾವೀರಮ್ಮ” ಎಂದುಬಿಟ್ಟ. ಹೊಂಬಾಳಯ್ಯನ ಹೆಂಡತಿ ಅಲ್ಲೇ ಹಣೆ ಚಚ್ಚಿಕೊಂಡಳು. “ಬಾಯ್ತಪ್ಪಿ ಬಂತು ಸ್ವಾಮಿ! ನಮ್ಮ ಭಾವನ ಹೆಸರು ಹೇಳ್ಬೇಕಾಗಿತ್ತು!” ಎಂದು ಕೆಂಚಪ್ಪ ಗೋಗರೆದ. ಬಾಯಿಂದ ಬಂದದ್ದು ಬಂತು ಎಂದರು ಗುಮಾಸ್ತರು.

“ಅದನ್ನ ಬುಟ್ಟು ಎಣಿಸಿ” ಎಂದಳು ದ್ಯಾವೀರಮ್ಮ ದೂರದಿಂದ. “ತಪ್ಪಿ ಬಂದದ್ದು ನಂಗೆ ಬ್ಯಾಡ.”

ಅದನ್ನು ಬಿಟ್ಟು ಎಣಿಸಿದಾಗಲೂ ಅವಳಿಗೆ ಇನ್ನೂರ ಮೂವತ್ತೊಂದು, ಅವನಿಗೆ ನೂರ ಅರವತ್ತೆಂಟು. ಅರಳಿಮರದ ಕೆಳಗಿನಿಂದ ತಮಟೆ ಎದ್ದಿತು. ಪಡುವಜ್ಜ ಎಲೆ ಅಡಿಕೆ ಉಗಿದು ಎದ್ದು ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ನಾಲ್ಕು ಹೆಜ್ಜೆ ಹಾಕಿದ. ಐದನೆಯದಕ್ಕೆ ನಮ್ಮತ್ತೆ ಸೇರಿಕೊಂಡರು. ನಾನು ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಅವರು ಕುಣಿದದ್ದನ್ನು ಅದೇ ಮೊದಲು ನೋಡಿದ್ದು. ಗುಮಾಸ್ತರು ಮೇಜಿನ ಮೇಲಿಟ್ಟ ಕಬ್ಬಿಣದ ಕೀಲಿಯನ್ನು ದ್ಯಾವೀರಮ್ಮ ಎರಡು ಕೈಯಲ್ಲೂ ಎತ್ತಿಕೊಂಡಳು. ಹನ್ನೆರಡು ವರ್ಷ ದಿನಾ ಹಿಡಿದದ್ದೇ. ಆದರೂ ಅದರ ಭಾರ ಹೊಸದಾಗಿ ನೋಡುವವಳಂತೆ ಮೇಲೆ ಕೆಳಗೆ ಮಾಡಿ ನೋಡಿದಳು.

ಸೋಮವಾರ ಹೊತ್ತು ಹುಟ್ಟುವಾಗ ಅವಳು ತೂಬು ತೆಗೆದಳು. ಊರು ಊರೇ ಏರಿಯ ಮೇಲೆ ನಿಂತಿತ್ತು. ನೀರು ಬಿಟ್ಟಾಗ ನೀರುಗಂಟಿ ಗದ್ದೆಯವನ ಹೆಸರು ಹಿಡಿದು ಕೂಗುತ್ತಾರೆ. ಮಡಿಗೆ ನೀರು ಮುಟ್ಟಿದ ಕೂಡಲೇ ಗದ್ದೆಯವನು “ಬಂತು” ಎಂದು ನೀರುಗಂಟಿಯ ಹೆಸರು ಸೇರಿಸಿ ಕೂಗಿ ಹೇಳಬೇಕು. ಹೇಳದಿದ್ದರೆ ಆ ಮಡಿಯ ಬಾಯಿ ಮುಚ್ಚಿ ನೀರನ್ನು ಮುಂದಕ್ಕೆ ತಿರುಗಿಸುವ ಅಧಿಕಾರ ನೀರುಗಂಟಿಗಿದೆ. ಇಷ್ಟು ವರ್ಷ, ಹಾಸಿಗೆಯಲ್ಲಿ ಮಲಗಿದ್ದವನಿಗೆ “ಬಂತು ಬೋರಯ್ಯಾ” ಎಂದು ಕೂಗುತ್ತಿದ್ದೆವು. ಎದುರಿಗೆ ಗುದ್ದಲಿ ಹಿಡಿದು ನಿಂತಿರುತ್ತಿದ್ದವಳು ಇವಳು.

ಕಾಲುವೆಯ ತಲೆಗೆ ಇರುವುದರಿಂದ ಮೊದಲ ಸರದಿ ಹೊಂಬಾಳಯ್ಯನದು. ಅವನು ಕಬ್ಬಿನ ಅಂಚಿನಲ್ಲಿ ನಿಂತಿದ್ದ.

“ಹೊಂಬಾಳಯ್ಯನೋರೆ, ನೀರು ಬಂತಾ?” ಎಂದು ಕೂಗಿದಳು.

ನೀರು ಅವನ ಕಾಲುಗಳ ನಡುವೆ ಹರಿದು ಒಳಗೆ ಹೋಗುತ್ತಿತ್ತು. ಅವನು ನೀರನ್ನು ನೋಡಿದ, ಅವಳನ್ನು ನೋಡಿದ, ಬಾಯಿ ತೆರೆಯಲಿಲ್ಲ. ಅವನ ಗಂಟಲಿಗೆ ಏನೂ ಆಗಿರಲಿಲ್ಲ.

“ಮುಚ್ಚು ದ್ಯಾವೀರಮ್ಮ, ಮುಚ್ಚು ಬಾಯಿ!” ಎಂದು ಏರಿಯ ಮೇಲಿಂದ ಯಾರೋ ಕೂಗಿದರು. ಆ ಧ್ವನಿ ದೊಡ್ಡದು, ಚೌಡಪ್ಪನದು. ಅವಳು ಗುದ್ದಲಿ ಎತ್ತಿಕೊಂಡು ಅವನ ಗದ್ದೆಯ ಬಾಯಿಯವರೆಗೂ ನಡೆದುಹೋದಳು. ಬಗ್ಗಿ, ಅಲ್ಲಿ ಸಿಕ್ಕಿಕೊಂಡಿದ್ದ ಕಸದ ಮುದ್ದೆಯನ್ನು ಎಳೆದು ಬಿಸಾಡಿದಳು. ನೀರು ಸಲೀಸಾಗಿ ಒಳಗೆ ಹೋಯಿತು. ಅವನ ಸರದಿಗೆ ಎಷ್ಟು ಹೊತ್ತೋ ಅಷ್ಟು ಹೊತ್ತು ಬದುವಿನ ಮೇಲೆ ಕೂತಿದ್ದಳು. ಹೊತ್ತು ತುಂಬಿದ ಮೇಲೆ ಎದ್ದು ನಮ್ಮ ಗದ್ದೆಗೆ ತಿರುಗಿಸಿದಳು.

“ವಾರದಕ್ಕಾ, ನೀರು ಬಂತಾ?”

“ಬಂತು ದ್ಯಾವೀರಮ್ಮಾ!” ಎಂದೆ. ನನ್ನ ಕೆಳಗಿನಿಂದ ಲಕ್ಕಮ್ಮ ಕೂಗಿದಳು, ಅವಳ ಕೆಳಗಿನಿಂದ ಗಂಗಾಧರಪ್ಪ. ಗದ್ದೆಯಿಂದ ಗದ್ದೆಗೆ ಆ ಹೆಸರು ಇಳಿಯುತ್ತ ಹೋಯಿತು. ಮಧ್ಯಾಹ್ನ ಊಟದ ಹೊತ್ತಿಗೆ, ಬಿಸಿಲು ನೆತ್ತಿಯ ಮೇಲಿರುವಾಗಲೇ, ಕೊನೆಗದ್ದೆಗಳಿಂದ ಪಡುವಜ್ಜನ ಸಣ್ಣ ಧ್ವನಿ ಕೇಳಿಸಿತು. “ಬಂತು ಮಗಳೇ, ಬಂತು.”

ಹೊಂಬಾಳಯ್ಯ ಇನ್ನೂ ಕಬ್ಬಿನ ಅಂಚಿನಲ್ಲೇ ನಿಂತಿದ್ದ. ಅವನ ಗದ್ದೆ ತುಂಬಿತ್ತು. ಮಾತು ಬಾಕಿ ಇತ್ತು.